ಚೀಲದ ತೂಕ ಮರೆಯದವರು

ಚಳ್ಳಕೆರೆಯ ನಮ್ಮ ಮನೆಗೆ ಇಂಟರ್ನೆಟ್ ಹಾಕಿಕೊಟ್ಟವರು ಮೊದಲು ಶೇಂಗಾ ಮಂಡಿಯಲ್ಲಿ ತೂಕ ಮಾಡುತ್ತಿದ್ದರು. ಯಾರ ಮನೆಗೆ ಹೋದರೂ ರೂಟರಿನ ಮೇಲೆ ಅಂಗೈಯಿಟ್ಟು ಬಿಸಿ ನೋಡಿ, "ಚೀಲದ ತೂಕ ಲೆಕ್ಕಕ್ಕೆ ತಗಂಡ್ರಾ?" ಎಂದು ಕೇಳುತ್ತಿದ್ದರು.

ನನ್ನ ಅಕ್ಕನ ಗಂಟಲಿನ ಆಪರೇಷನ್ನಿನ ಹಿಂದಿನ ದಿನ ಅವರನ್ನು ಕರೆಸಿದೆ. ಮೊಳಕಾಲ್ಮುರಿನ ಅಕ್ಕ ಆಗ ದೂರದ ಆಸ್ಪತ್ರೆಯಲ್ಲಿದ್ದಳು. ಆಪರೇಷನ್ ಆದಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಮ್ಮ ಮನೆಯಲ್ಲಿ ಯಾರಾದರೂ ವಿಡಿಯೋ ನೋಡಿದರೆ ಸಾಕು, ಇಂಟರ್ನೆಟ್ ಕರೆಯಲ್ಲಿ ಅವಳ ಮಾತು ತುಂಡು ತುಂಡಾಗುತ್ತಿತ್ತು. ಸುಮ್ಮನೆ ಕೂತರೂ ಚಿಂತೆ ಹುಡುಕಿಕೊಳ್ಳುವ ನಾನು, ಅದನ್ನು ತಡೆಯಲೆಂದು ಲೈನಿನ ವೇಗಕ್ಕೆ ಸರಿಯಾಗಿ ಅದಕ್ಕಿಂತ ಹೆಚ್ಚು ಹರಿಯದಂತೆ ರೂಟರಿನಲ್ಲಿ ಮಿತಿ ಹಾಕಿ, ಮೂರು ಸಲ ಪರೀಕ್ಷಿಸಿ, ಆದರೂ ಏನೂ ಸರಿಹೋಗದೆ ಊಟ ಬಿಟ್ಟು ಕೂತಿದ್ದೆ.

"ಬರೀ ಶೇಂಗಾಕಾಯಿ ತೂಗಿದೀರಿ ಸಾರ್," ಎಂದರು ಅವರು, ನಾನು ಹಾಕಿದ್ದ ಮಿತಿ ನೋಡಿ. "ಮಾತು, ವಿಡಿಯೋ ಎಲ್ಲ ಲೈನಿನಾಗೆ ಪ್ಯಾಕೆಟ್ ಪ್ಯಾಕೆಟ್ಟಾಗಿ ಹೋಗ್ತಾವೆ, ಒಂದೊಂದು ಪ್ಯಾಕೆಟ್ಟಿಗೂ ಮೇಲೊಂದು ಹೊದಿಕೆ ಐತೆ. ಮಾತಿನ ಪ್ಯಾಕೆಟ್ ಪುಟ್ಟದು, ಹಿಡಿ ಕಾಯಿಗೂ ಒಂದು ಚೀಲ ಇದ್ದಂಗೆ. ಆ ಭಾರನೂ ಲೈನೇ ಹೊರಬೇಕಲ್ರೀ."

ಪ್ರತಿ ಪ್ಯಾಕೆಟ್ಟಿಗೂ ಹೊದಿಕೆಯ ಲೆಕ್ಕ ಸೇರಿಸಿ, ಮಿತಿಯನ್ನು ಸ್ವಲ್ಪ ಇಳಿಸಿದರು. ನನ್ನ ಮಗಳಿಗೆ, "ದೊಡ್ಡದೊಂದು ವಿಡಿಯೋ ಹಾಕವ್ವ, ನೋಡಾನ," ಎಂದು ಹೇಳಿ, ನನಗೆ ಫೋನ್ ಮಾಡಲು ಸನ್ನೆ ಮಾಡಿದರು.

"ಉಂಡ್ಯೇನಲೇ?" ಅಕ್ಕನ ದನಿ ಇಡಿಯಾಗಿ ಬಂತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಮತ್ತೆ ರೂಟರಿನ ದೀಪ ನೋಡಿದೆ.

"ಮಾತಾಡ್ರಿ ಸಾರ್, ಆಯಮ್ಮ ಕಾಯ್ತೈತೆ," ಎಂದವರೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತರು.

ಇನ್ನೂ ಉಂಡಿಲ್ಲ ಎಂದೆ. ಊಟ ಬಿಟ್ಟು ಕೂತಿದ್ದಕ್ಕೆ ಅಕ್ಕ ಕಾಲು ಗಂಟೆ ನನ್ನನ್ನು ಬೈದಳು. ಒಂದು ಬೈಗುಳವೂ ತಪ್ಪಿಹೋಗಲಿಲ್ಲ.