ಆನ್ಸೆಲ್ಮನ ತಂಡಕ್ಕೊಂದು ಊರು

ಆನ್ಸೆಲ್ಮನಿಗೆ ಸಿಟ್ಟು ಬರಲು ಯಾವತ್ತೂ ಕಾರಣ ಬೇಕಾಗಿರಲಿಲ್ಲ. ಆ ವರ್ಷ ಮಾತ್ರ ಕಾರಣವೂ ಇತ್ತು.

ದುಬೈಯ ದೇರಾದ ಒಂದು ಹೊಟೇಲಿನಲ್ಲಿ ಅವನು ಸ್ಟೋರ್ ಕೀಪರ್. ಮೀನು ಬಂದರೆ ಕಿವಿರು ಎತ್ತಿ ನೋಡಿ, ತರಕಾರಿ ಬಂದರೆ ಪೆಟ್ಟಿಗೆಯ ತಳಕ್ಕೆ ಕೈ ಹಾಕಿ ನೋಡಿ, ತಂದವನಿಗೆ ನಾಲ್ಕು ಬೈದು ಒಳಗೆ ಬಿಡುವುದು ಅವನ ಕೆಲಸ. ಬೈಯಬೇಕೆಂದು ಹೊಟೇಲಿನವರು ಹೇಳಿರಲಿಲ್ಲ, ಅದನ್ನು ಅವನು ಪುಕ್ಕಟೆ ಕೊಡುತ್ತಿದ್ದ. ಊರು ಉಡುಪಿ ಕಡೆಯ ಶಿರ್ವ. ಹೆಂಡತಿ ರೋಸಿ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಮಕ್ಕಳಾಗಲಿಲ್ಲ. "ದೇವರು ಕೊಡದಿದ್ದರೆ ಇವರು ಸುಮ್ಮನೆ ಕೂತುಕೊಳ್ತಾರಾ? ಏಳು ಜನ ದಾಂಡಿಗರನ್ನು ತಂದು ಸಾಕ್ತಾ ಇದ್ದಾರೆ" ಎಂದು ರೋಸಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಏಳು ಜನ ಎಂದರೆ ದೇರಾ ಫ್ರೆಂಡ್ಸ್ ಎಂಬ ಕಬಡ್ಡಿ ತಂಡ. ಹಗಲು ಅಂಗಡಿ, ಆಫೀಸು, ಗೋಡೌನುಗಳಲ್ಲಿ ದುಡಿಯುವ ಶಿರ್ವ, ಬೆಳ್ಮಣ್ ಕಡೆಯ ಹುಡುಗರು. ಶುಕ್ರವಾರ ರಜೆ. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ, ಬಿರಿಯಾನಿ ತಿಂದು, ಮೀನು ಮಾರ್ಕೆಟಿನ ಹಿಂದಿನ ಮರಳು ಜಾಗದಲ್ಲಿ ಆಟ. ಸುತ್ತ ಬೆಡ್ ಸ್ಪೇಸ್ ಎಂದು ಒಂದು ಮಂಚದಷ್ಟೇ ಜಾಗ ಬಾಡಿಗೆಗೆ ಹಿಡಿದು ಮಲಗುವ ನಮ್ಮವರೇ ಬಂದು ನಿಂತು ಕೂಗುತ್ತಿದ್ದರು. ಕೂಗುವವರು ಬೇಕೆಂದು ಆನ್ಸೆಲ್ಮ್ ಯಾರ ಬಾಗಿಲನ್ನೂ ತಟ್ಟಿದವನಲ್ಲ.

ಅಷ್ಟರಲ್ಲಿ ಊರಿನ ಟಿವಿಯಲ್ಲಿ ಪಟ್ಟಣಕ್ಕೊಂದು ತಂಡ ಕಟ್ಟಿ ಆಡಿಸುವ ಕಬಡ್ಡಿ ಶುರುವಾಯಿತು. ಅದನ್ನು ನೋಡಿದ್ದೇ ಸುಜಿತನ ತಲೆಗೆ ಹುಳ ಹೊಕ್ಕಿತು. ಸುಜಿತ್ ಸಾರಿಗೆ ವ್ಯವಹಾರದವನು, ನಮ್ಮವರ ಲೀಗಿನ ಅಧ್ಯಕ್ಷ. ಇನ್ನು ಮುಂದೆ ಪ್ರತಿ ತಂಡಕ್ಕೂ ಒಂದು ತವರೂರು ಇರಬೇಕು, ಅಲ್ಲಿ ಎರಡು ಪಂದ್ಯ ಆಡಬೇಕು, ತವರಿನಲ್ಲಿ ಜನ ಸೇರಿಸಲಾಗದ ತಂಡ ಮುಂದಿನ ವರ್ಷ ಲೀಗಿನಲ್ಲಿ ಇರುವುದಿಲ್ಲ ಎಂದು ಸಾರಿಬಿಟ್ಟ. ಸರಿಯಾಗಿ ಅದೇ ಸಮಯಕ್ಕೆ ಮಾರ್ಕೆಟಿನ ಹಿಂದಿನ ಮರಳು ಜಾಗಕ್ಕೆ ಪಾರ್ಕಿಂಗಿನವರು ಬೇಲಿ ಹಾಕಿದರು. ದೇರಾದಲ್ಲಿ ಮನುಷ್ಯನಿಗೆ ಕಾಲು ಚಾಚಿ ಮಲಗಲಿಕ್ಕೇ ಜಾಗವಿಲ್ಲ, ಇನ್ನು ಕಬಡ್ಡಿಗೆ ಎಲ್ಲಿಂದ?

"ಎರಡು ಜಾಗ ಉಂಟು ಆನ್ಸೆಲ್ಮಣ್ಣ" ಎಂದ ಸುಜಿತ್. "ಅಬುಧಾಬಿ ಖಾಲಿದಿಯಾದಲ್ಲಿ ಏಸಿ ಹಾಲ್. ಒಳ್ಳೊಳ್ಳೆ ಫ್ಯಾಮಿಲಿಗಳು, ನಮ್ಮ ಕಡೆಯವರೇ. ರಾಜಧಾನಿಗೆ ಒಂದು ತಂಡ ಇಲ್ಲದಿದ್ದರೆ ಲೀಗಿಗೆ ಎಂತ ಮರ್ಯಾದೆ? ಇಲ್ಲದಿದ್ದರೆ ಬಂದರಿನ ಹತ್ರ ಜೆಬೆಲ್ ಅಲಿ. ಲೇಬರ್ ಕ್ಯಾಂಪಿನ ಎದುರು ಮರಳು. ಅಲ್ಲಿ ಯಾರು ಬರ್ತಾರೆ, ಒಂಟೆಯಾ?"

ಆನ್ಸೆಲ್ಮ್ ಆ ಹಾಲ್ ನೋಡಲು ಹೋದ. ನೀಲಿ ಮ್ಯಾಟು, ಸಾಲು ಕುರ್ಚಿ, ತಣ್ಣಗೆ ಗಾಳಿ. ತನ್ನ ಹುಡುಗರು ಮೊಣಕಾಲು ಸುಲಿಯದೆ ಆಡುವುದನ್ನು ಅಲ್ಲಿ ನಿಂತೇ ಕಣ್ಣ ಮುಂದೆ ತಂದುಕೊಂಡ. ಒಪ್ಪಿಬಿಟ್ಟ.

ಬೇಡ ಎಂದವನು ಒಬ್ಬನಿದ್ದ. ಹೊಟೇಲಿನ ದೊಡ್ಡ ಶೆಫ್, ಇಂಗ್ಲೆಂಡಿನ ಹಲ್ ಎಂಬ ಊರಿನ ಬಿಳಿಯ. ಅವನಿಗೆ ರಗ್ಬಿ ಲೀಗಿನ ಹುಚ್ಚು. ಅವನ ಊರಿನ ನಡುವೆ ಒಂದು ಹೊಳೆಯಂತೆ, ಆಚೆ ದಡಕ್ಕೊಂದು ತಂಡ, ಈಚೆ ದಡಕ್ಕೊಂದು ತಂಡ. ಅವನ ಅಪ್ಪ ಸಾಯುವವರೆಗೂ ಆಟಕ್ಕೆಂದು ಸೇತುವೆ ದಾಟಿದವನಲ್ಲವಂತೆ. ಆ ಆಟ ಬೆಳೆದದ್ದು ಗಣಿ, ಗಿರಣಿ, ಹಡಗುಕಟ್ಟೆಯ ಊರುಗಳಲ್ಲಿ. ರಾಜಧಾನಿಯಲ್ಲೂ ಇರಲೆಂದು ಲಂಡನ್ನಿನಲ್ಲಿ ಕಟ್ಟಿದ ತಂಡ ಒಂದು ಮೈದಾನದಿಂದ ಇನ್ನೊಂದಕ್ಕೆ ಅಲೆಯುತ್ತಲೇ ಉಳಿಯಿತಂತೆ. "ನಕ್ಷೆ ನೋಡಿ ತಂಡ ಇಡಬೇಡ ಆನ್ಸೆಲ್ಮ್, ಯಾರು ಯಾರ ಮಗ ಅಂತ ನೋಡಿ ಇಡು" ಎಂದು ಅವನು ತನ್ನ ಇಂಗ್ಲಿಷಿನಲ್ಲಿ ಹೇಳಿದ.

"ಇವನ ರಗ್ಬಿಯೂ ಇವನ ಹೊಳೆಯೂ" ಎಂದು ಮನೆಗೆ ಬಂದು ಆನ್ಸೆಲ್ಮ್ ರೋಸಿಯ ಮುಂದೆ ಉರಿದುಬಿದ್ದ. "ಖಾಲಿದಿಯಾದಲ್ಲಿ ಇರುವುದು ನಮ್ಮದೇ ಜನ. ಸೇತುವೆ ದಾಟ್ಲಿಕ್ಕೆ ಅವರಿಗೆ ಎಂತ ರೋಗ?"

"ನಮ್ಮ ಜನ ಅಂದ್ರೆ ಯಾವ ಚರ್ಚಿನವರು, ಯಾವ ಪೇಟೆಯವರು ಅಂತ ಕೇಳಿದ್ರಾ?"

"ಎಲ್ಲ ಒಂದೇ ಮಾರಾಯ್ತಿ. ಮಂಗಳೂರಿಂದ ಉಡುಪಿ ಎಷ್ಟು ದೂರ?"

ರೋಸಿ ನಕ್ಕಳು. ಮದುವೆಯಾದ ಹೊಸತರಲ್ಲಿ ಶಿರ್ವದ ಮೀನುಸಾರಿಗೂ ತನ್ನ ತವರು ಕಿನ್ನಿಗೋಳಿಯ ಮೀನುಸಾರಿಗೂ ಇರುವ ವ್ಯತ್ಯಾಸವನ್ನು ತಿಂಗಳುಗಟ್ಟಲೆ ಎತ್ತಿ ಆಡಿದ ಗಂಡ ಇವನೇ. ಆದರೆ ಅದನ್ನು ಆಗ ಹೇಳಿದರೆ ಬಟ್ಟಲು ಹಾರುತ್ತದೆಂದು ಅವಳಿಗೆ ಗೊತ್ತಿತ್ತು.

ತಂಡದ ಹೆಸರು ಅಬುಧಾಬಿ ಫ್ರೆಂಡ್ಸ್ ಎಂದಾಯಿತು. ಖಾಲಿದಿಯಾದ ಸಂಘದವರಿಗೆ ಹಂಚಲು ಹಸಿರು ಟೀಶರ್ಟು ಹೊಲಿಸಿದರು. ಮೊದಲ ತವರು ಪಂದ್ಯ ಶಾರ್ಜಾ ಬಾಯ್ಸ್ ಎದುರು. ಶುಕ್ರವಾರ ಸಂಜೆ ಹಾಲ್ ತುಂಬಿತು. ಹೆಂಗಸರು, ಮಕ್ಕಳು, ಅಜ್ಜಂದಿರು, ಎಲ್ಲರ ಮೈ ಮೇಲೂ ಹಸಿರು. ಸುಜಿತ್ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಆನ್ಸೆಲ್ಮನ ಎದೆ ಉಬ್ಬಿತು.

ತಂಡದ ನಾಯಕ ಲಾಯ್ಡ್. ಆನ್ಸೆಲ್ಮನ ತಂಗಿಯ ಮಗ, ಬ್ಯಾಂಕಿನಲ್ಲಿ ಕೆಲಸ. ಕೂದಲಿಗೆ ಜೆಲ್ ಹಚ್ಚಿ ಮೊದಲ ದಾಳಿಗೆ ಹೋದವನು ಗೆರೆ ಮುಟ್ಟುವ ಮೊದಲೇ ಸಿಕ್ಕಿಬಿದ್ದ. ಇಡೀ ಹಾಲ್ ಎದ್ದು ಚಪ್ಪಾಳೆ ಹೊಡೆಯಿತು.

ಜನಕ್ಕೆ ಆಟ ತಿಳಿಯಲಿಲ್ಲ ಎಂದುಕೊಂಡ ಆನ್ಸೆಲ್ಮ್. ಆಮೇಲೆ ಶಾರ್ಜಾದ ಕಡೆಯಿಂದ ಒಬ್ಬ ಸಣಕಲ ಬಂದು ಇಬ್ಬರನ್ನು ಮುಟ್ಟಿ ಹೋದ. ಛಾವಣಿ ಹಾರುವ ಹಾಗೆ ಕೂಗೆದ್ದಿತು. ಆನ್ಸೆಲ್ಮ್ ಹಿಂದಿನ ಸಾಲಿಗೆ ನುಗ್ಗಿದ. ಅಲ್ಲಿ ಕೂತು ಎಲ್ಲರಿಗಿಂತ ದೊಡ್ಡದಾಗಿ ಕೂಗುತ್ತಿದ್ದವಳು ಸ್ವರ್ಣಲತಾ, ಖಾಲಿದಿಯಾ ಸಂಘದ ಕಾರ್ಯದರ್ಶಿ.

"ಎಂತ ಅಕ್ಕ ಇದು? ನೀವು ಅಬುಧಾಬಿಯವರಲ್ವಾ?"

"ಹೌದು."

"ಮತ್ತೆ ಶಾರ್ಜಾಕ್ಕೆ ಯಾಕೆ ಕೂಗ್ತೀರಿ?"

"ಆ ಹುಡುಗ ನಮ್ಮ ಅಳಿಯೂರಿನವ ಅಣ್ಣ. ಅವನ ಅಮ್ಮ ನನ್ನ ಕ್ಲಾಸ್‌ಮೇಟ್. ಅವನ ಪಕ್ಕದಲ್ಲಿರುವವ ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ರದ ಹೋಟೆಲಿನವರ ಮಗ. ಇಲ್ಲಿ ನಾವೆಲ್ಲ ಆ ಕಡೆಯವರೇ. ನಿಮ್ಮವರು ಎಲ್ಲಿಯವರು?"

"ಶಿರ್ವ."

"ಓ" ಎಂದಳು ಸ್ವರ್ಣಲತಾ. ಆ ಒಂದು 'ಓ'ದಲ್ಲಿ ಶಿರ್ವ ಅರಬ್ಬೀ ಸಮುದ್ರದ ಆಚೆಗೆ ಹೋಗಿ ಬಿತ್ತು.

"ನಮ್ಮ ಶರ್ಟು ಹಾಕಿಕೊಂಡು ಅವರಿಗೆ ಕೂಗ್ತೀರಲ್ಲ, ಸ್ವಲ್ಪ ನಾಚಿಕೆ ಬೇಡ್ವಾ?"

"ಶರ್ಟು ನಿಮ್ಮದೇ ಅಣ್ಣ, ಇಲ್ಲ ಅಂತ ಯಾರು ಹೇಳಿದ್ರು? ಬಾಯಿ ನಮ್ಮದು."

ಸೋತರು. ತವರಿನಲ್ಲಿ, ತಮ್ಮದೇ ಬಣ್ಣದ ನಡುವೆ, ಒಬ್ಬನೇ ಒಬ್ಬ ತಮ್ಮ ಕಡೆ ಕೂಗುವವನಿಲ್ಲದೆ ಸೋತರು. ದೇರಾದಿಂದ ಯಾಕೆ ಯಾರೂ ಬರಲಿಲ್ಲ ಎಂದು ಮಾರನೆಯ ದಿನ ಕೇಳಿದರೆ, "ಎರಡು ಗಂಟೆ ಬಸ್ಸಿನಲ್ಲಿ ಹೋಗಿ, ಎರಡು ಗಂಟೆ ಬಸ್ಸಿನಲ್ಲಿ ಬಂದು, ಬಟ್ಟೆ ಒಗೆಯುವುದು ಯಾವಾಗ ಆನ್ಸೆಲ್ಮಣ್ಣ? ಇರುವುದು ಒಂದು ರಜೆ" ಎಂದರು.

ಸುಜಿತ್ ಫೋನಿನಲ್ಲಿ ಬಾಯಿತುಂಬ ಸಕ್ಕರೆ ಇಟ್ಟುಕೊಂಡು ಮಾತಾಡಿದ. "ಜನ ಏನೋ ಬಂದಿದ್ರು ಆನ್ಸೆಲ್ಮಣ್ಣ, ಆದ್ರೆ ನಿಮ್ಮ ಜನ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಇನ್ನೊಂದು ಪಂದ್ಯ ಉಂಟು. ಅದೂ ಹೀಗೇ ಆದ್ರೆ ಹುಡುಗರನ್ನು ಬೇರೆ ತಂಡಗಳಿಗೆ ಹಂಚುವ, ಬೇಜಾರು ಮಾಡ್ಬೇಡಿ."

ಬೇಜಾರು ಯಾರಿಗೆ? ಆನ್ಸೆಲ್ಮನಿಗೆ ಮೈಯೆಲ್ಲ ಬೆಂಕಿ. ಎರಡನೆಯ ಪಂದ್ಯವನ್ನು ಜೆಬೆಲ್ ಅಲಿಗೆ ಒಯ್ಯುತ್ತೇನೆ ಎಂದ. "ಅಲ್ಲಿ ನಮ್ಮವರು ಒಬ್ಬರೂ ಇಲ್ಲ" ಎಂದ ಸುಜಿತ್. "ಅದಕ್ಕೇ ಹೋಗ್ತೇನೆ. ಅಲ್ಲಿ ಅಳಿಯೂರಿನವರೂ ಇಲ್ಲ" ಎಂದು ಫೋನ್ ಇಟ್ಟ.

ಶುಕ್ರವಾರ ಮಧ್ಯಾಹ್ನದ ನಂತರ ಕ್ಯಾಂಪಿನ ಎದುರಿನ ಮರಳಿನಲ್ಲಿ ಸುಣ್ಣದ ಗೆರೆ ಎಳೆದರು. ಎದುರಾಳಿ ಅಜ್ಮಾನ್ ತಂಡ. ಕೋಣೆಯಲ್ಲಿ ಬಟ್ಟೆ ಒಣಗಿಸುವುದು, ಊರಿಗೆ ಫೋನ್ ಮಾಡುವುದು ಬಿಟ್ಟರೆ ಬೇರೆ ಕೆಲಸವಿಲ್ಲದ ನೂರಾರು ಗಂಡಸರು ಹೊರಗೆ ಬಂದರು. ಬಿಹಾರದವರು, ಬಂಗಾಳದವರು, ಪೇಶಾವರದವರು, ಪಂಜಾಬಿನ ಎರಡೂ ಕಡೆಯವರು. ನೀರಿನ ಟ್ಯಾಂಕಿನ ಮೇಲೂ ಹತ್ತಿದರು. ಸುಜಿತ್ ತನ್ನ ಕಾರಿನಿಂದ ಮಡಚುವ ಕುರ್ಚಿ ತೆಗೆದು, ಮರಳಿನಲ್ಲಿ ಹೂಳಿಕೊಂಡ ಹಾಗೆ ಕೂತ.

ಮೊದಲರ್ಧ ಕ್ಯಾಂಪಿನವರು ಬರೀ ನಕ್ಕರು. ಲಾಯ್ಡ್ ದಾಳಿಗೆ ಹೋಗುವಾಗ ಕೂದಲು ಸರಿಮಾಡಿಕೊಂಡದ್ದೇ ಸಾಕಾಯಿತು, "ಬ್ಯಾಂಕ್ ವಾಲಾ, ಬ್ಯಾಂಕ್ ವಾಲಾ" ಎಂದು ಕೀಟಲೆಗೆ ಹಿಡಿದುಕೊಂಡರು. ಪ್ರತಿ ಸಲ ಸಿಕ್ಕಿಬಿದ್ದಾಗಲೂ "ಚೆಕ್ ಬೌನ್ಸ್" ಎಂದು ಒಬ್ಬ ಕೂಗುತ್ತಿದ್ದ, ಉಳಿದವರು ಉರುಳಾಡುತ್ತಿದ್ದರು. ವಿರಾಮದ ಹೊತ್ತಿಗೆ ನಗುವೂ ಹಳಸಿತು. ಪಕ್ಕದ ಜಾಗದಲ್ಲಿ ವಾಲಿಬಾಲ್ ನೆಟ್ ಕಟ್ಟುತ್ತಿದ್ದರು. ಜನ ಎದ್ದು ಮರಳು ಕೊಡವಿಕೊಂಡು ಅತ್ತ ಹೊರಟರು. ಸುಜಿತ್ ಹೋಗುವವರನ್ನು ನೋಡಿದ, ಆನ್ಸೆಲ್ಮನನ್ನು ನೋಡಿದ, ಅಷ್ಟೆ.

ಆನ್ಸೆಲ್ಮ್ ಓಡಿ ಹೋಗಿ ಚೆಕ್ ಬೌನ್ಸ್ ಎನ್ನುತ್ತಿದ್ದವನ ಎದುರು ನಿಂತ. ಅವನು ಬಶಾರತ್, ಬಂದರಿನ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು, ಪಾಕಿಸ್ತಾನದ ಫೈಸಲಾಬಾದಿನ ಕಡೆಯ ಭಾರೀ ಆಳು. ಕ್ಯಾಂಪಿನವರು ಅವನ ಮುಖ ನೋಡಿಯೇ ಏಳುವುದು, ಕೂರುವುದು.

"ಎಲ್ಲಿಗೆ ಹೋಗ್ತೀಯ? ಆಟ ಇನ್ನೂ ಅರ್ಧ ಉಂಟು" ಎಂದು ಆನ್ಸೆಲ್ಮ್ ಹಿಂದಿಯಲ್ಲಿ ಗದರಿಸಿದ.

"ಉಸ್ತಾದ್, ಇದರಲ್ಲಿ ನಮ್ಮವ ಯಾರು?" ಎಂದು ಬಶಾರತ್ ಸಮಾಧಾನದಿಂದಲೇ ಕೇಳಿದ. "ಅವರೂ ನಿಮ್ಮವರು, ಇವರೂ ನಿಮ್ಮವರು. ನೀವು ನೀವೇ ಕೈ ಹಿಡಿದು ಎಳೆದಾಡಿದರೆ ನಾವು ಯಾರಿಗೆ ಅಂತ ಕೂಗುವುದು? ನಮ್ಮವ ಒಬ್ಬ ಇರಲಿ, ಇಡೀ ಕ್ಯಾಂಪ್ ಕೂರಿಸುತ್ತೇನೆ."

"ನಿನಗೆ ಆಡ್ಲಿಕ್ಕೆ ಬರ್ತದಾ?"

ಬಶಾರತ್ ಅಂಗಿ ಬಿಚ್ಚಿ ಪಕ್ಕದವನ ಕೈಗೆ ಕೊಟ್ಟ. ಹೊರಟವರು ನಿಂತರು.

ಆನ್ಸೆಲ್ಮನ ತಂಡದ ಮೇಲೆ ಅಲ್ಲಿಯವರೆಗೆ ಬೇರೆ ಊರಿನವನ ನೆರಳೂ ಬಿದ್ದಿರಲಿಲ್ಲ. ಕಾರ್ಕಳದ ಹುಡುಗನೊಬ್ಬ ಬರುತ್ತೇನೆಂದಾಗ 'ದೂರ ಆಯಿತು' ಎಂದು ಕಳಿಸಿದ ಮನುಷ್ಯ. ಅವನು ಹಲ್ಲು ಕಡಿದು ಲಾಯ್ಡನ ಕಡೆ ನಡೆದ.

"ಶರ್ಟು ಕೊಡು."

"ಎಂತಕ್ಕೆ ಮಾಮಾ?"

"ಕೊಡು ಹೇಳಿದ್ದು."

"ನಾನು ಕ್ಯಾಪ್ಟನ್. ಆರು ವರ್ಷದಿಂದ ಆಡ್ತಿದ್ದೇನೆ. ಯಾರೋ ಕ್ಯಾಂಪಿನವನಿಗೆ ನನ್ನ ಶರ್ಟಾ?"

"ಆರು ವರ್ಷದಿಂದ ಸಿಕ್ಕಿಬೀಳ್ತಾ ಇದ್ದೀಯ ಮಾರಾಯ. ನನ್ನ ತಂಗಿಯ ಮಗ ಅಂತ ನಾನು ಕಣ್ಣು ಮುಚ್ಚಿದೆ. ಅವರು ಯಾಕೆ ಮುಚ್ಚಬೇಕು?"

ಸುಜಿತ್ ಕುರ್ಚಿಯಿಂದ ಎದ್ದು ಬಂದ. ಹೊರಗಿನವರನ್ನು ಆಡಿಸುವ ಹಾಗಿಲ್ಲ ಎಂದ. ಆನ್ಸೆಲ್ಮ್ ಅವನ ಮೇಲೆ ತಿರುಗಿಬಿದ್ದ. "ತಂಡಕ್ಕೆ ಊರು ಬೇಕು ಅಂದವರು ನೀವು. ಇದು ಜೆಬೆಲ್ ಅಲಿ ತಂಡ. ಇವ ಜೆಬೆಲ್ ಅಲಿಯಲ್ಲಿ ಉಣ್ತಾನೆ, ಜೆಬೆಲ್ ಅಲಿಯಲ್ಲಿ ಮಲಗ್ತಾನೆ. ಹೊರಗಿನವ ನಾನು. ಬೇಕಾದ್ರೆ ನನ್ನನ್ನು ಕಳಿಸಿ." ಸುಜಿತ್ ಸುತ್ತ ನೋಡಿದ. ವಾಲಿಬಾಲಿನವರೂ ನೆಟ್ ಬಿಟ್ಟು ಬಂದು ನಿಂತಿದ್ದರು. ಅಷ್ಟು ಜನರ ನಡುವೆ ನಿಯಮ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಕುರ್ಚಿಗೆ ವಾಪಸು ಹೋದ.

ಲಾಯ್ಡನ ಶರ್ಟು ಬಶಾರತನ ತೋಳಿನವರೆಗೆ ಹೋಗಿ ನಿಂತಿತು. ಹಾಗೇ ಆಡಿದ. ಅವನ ಊರಿನ ಕಬಡ್ಡಿ ಬೇರೆ, ದುಂಡು ಅಂಕಣದಲ್ಲಿ ಒಬ್ಬನನ್ನು ಒಬ್ಬನೇ ಹಿಡಿಯುವುದು. ಗೆರೆ ತುಳಿದ, ದಾಳಿಯ ನಡುವೆ ಉಸಿರು ಬಿಟ್ಟ, ರೆಫರಿಯ ಹತ್ತಿರ ಜಗಳಕ್ಕೆ ನಿಂತ. ಆದರೆ ಅಜ್ಮಾನಿನ ಒಬ್ಬನನ್ನು ಸೊಂಟಕ್ಕೆ ಕೈ ಹಾಕಿ, ಫೋರ್ಕ್‌ಲಿಫ್ಟಿನಲ್ಲಿ ಮೂಟೆ ಎತ್ತಿದ ಹಾಗೆ ಎತ್ತಿ ಇಳಿಸಿದಾಗ ಎದ್ದ ಕೂಗು ಆಟ ಮುಗಿಯುವವರೆಗೂ ಇಳಿಯಲಿಲ್ಲ. ಬಂಗಾಳದವನೂ ಬಿಹಾರದವನೂ ಒಂದೇ ಬಾಯಲ್ಲಿ ಜೆಬೆಲ್ ಅಲಿ, ಜೆಬೆಲ್ ಅಲಿ ಎನ್ನುತ್ತಿದ್ದರು. ಮೂರು ಅಂಕದಿಂದ ಸೋತರು. ಸೋತರೂ ಒಬ್ಬನೂ ಕದಲಲಿಲ್ಲ.

ಸುಜಿತ್ ಕುರ್ಚಿ ಮಡಚುತ್ತ ಬಂದು, "ಮುಂದಿನ ವರ್ಷ ಹೆಸರು ಬದಲಿಸ್ಬೇಕು ಆನ್ಸೆಲ್ಮಣ್ಣ, ಜೆಬೆಲ್ ಅಲಿ ಫ್ರೆಂಡ್ಸ್" ಎಂದ. ತಂಡ ಉಳಿಯಿತು. ಆನ್ಸೆಲ್ಮ್ ಲಾಯ್ಡನಿಗೆ ಹೇಳೋಣವೆಂದು ತಿರುಗಿದರೆ ಅವನು ಕಾರು ಹತ್ತಿ ಹೊರಟೇ ಹೋಗಿದ್ದ. ಆನ್ಸೆಲ್ಮ್ ಬಂದದ್ದೂ ಅದೇ ಕಾರಿನಲ್ಲಿ. ಶಿರ್ವದಿಂದ ತಂಗಿಯ ಫೋನ್ ಆಗಲೇ ಬರುತ್ತಿತ್ತು. ಎತ್ತಲಿಲ್ಲ.

ಪ್ರತಿ ಶುಕ್ರವಾರ ಸಂಜೆ ಕ್ಯಾಂಪಿನವರನ್ನು ಪೇಟೆ ತೋರಿಸಲು ದೇರಾಕ್ಕೆ ಒಯ್ಯುವ ಕಂಪೆನಿ ಬಸ್ಸಿನಲ್ಲಿ ಬಶಾರತ್ ಅವನಿಗೆ ಕಿಟಕಿಯ ಸೀಟು ಕೊಡಿಸಿದ. ಬಸ್ಸು ಹೊರಟದ್ದೇ ಹಿಂದಿನ ಸೀಟಿನ ಬಿಹಾರಿಯೊಬ್ಬ ಅವನ ಭುಜ ತಟ್ಟಿ, ತಂಡದಲ್ಲಿ ಎಡಗಡೆ ನಿಂತು ಆಡುವ ಆ ಕುಳ್ಳನನ್ನು ತೆಗೆಯಬೇಕು, ಅವನ ಜಾಗಕ್ಕೆ ತನ್ನ ತಮ್ಮನನ್ನು ಹಾಕಬೇಕು ಎಂದ. ಪೇಶಾವರದವನು ಅದಕ್ಕೆ ಒಪ್ಪಲಿಲ್ಲ, ತಮ್ಮ ಕೋಣೆಯವನೇ ಆಗಬೇಕು ಎಂದ. ಇಡೀ ಬಸ್ಸು ಎದ್ದು ನಿಂತು ಆನ್ಸೆಲ್ಮನ ತಂಡವನ್ನು ಬಿಚ್ಚಿ ಕಟ್ಟಲು ಶುರುಮಾಡಿತು.

"ಖಲಾಸ್. ತಂಡ ನನ್ನದು" ಎಂದ ಆನ್ಸೆಲ್ಮ್. ಯಾರೂ ಕೇಳಿಸಿಕೊಳ್ಳಲಿಲ್ಲ. ಅವನು ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿ, ಆ ಕುಳ್ಳ ಯಾಕೆ ಬೇಕೇ ಬೇಕು ಎಂಬುದನ್ನು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳತೊಡಗಿದ.