ಕಣ್ಣು ಮುಚ್ಚಿ ಕೂತವರು

2005ರ ಜನವರಿಯ ಒಂದು ಭಾನುವಾರ ಮಧ್ಯಾಹ್ನ ನಾನು ದೆಹಲಿಯ ಮಯೂರ್ ವಿಹಾರದ ಒಂದು ವಸತಿ ಸೊಸೈಟಿಯ ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಮುಚ್ಚಿದ ಬಾಗಿಲ ಗಾಜಿಗೆ ಮುಖ ಮಾಡಿ ನಿಂತಿದ್ದೆ. ಗಾಜಿನಾಚೆ ಮೂವರು ಸ್ನೇಹಿತರು ಕೈಯಲ್ಲಿ ಗ್ಲಾಸು ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು. ಅವರಲ್ಲಿ ಒಬ್ಬರು ಮತ್ತೆ ಕಣ್ಣು ತೆರೆಯಲಿಲ್ಲ. ಅವರು ವಸಂತ, ಗದಗಿನವರು. ಕುಡಿದು ಸತ್ತರು ಎಂದು ಊರಿನಲ್ಲಿ ಈಗಲೂ ಹೇಳುತ್ತಾರಂತೆ. ಅವರ ಹೆಂಡತಿ ವಿಮಲಕ್ಕ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಾರಂತೆ. ಕುಡಿದು ಸತ್ತರೆಂಬ ಮಾತು ಸುಳ್ಳು. ನಾನು ಕಂಡಷ್ಟನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಚಿತ್ರದುರ್ಗದಿಂದ ವರ್ಗವಾಗಿ ಬಂದ ನನಗೆ ಅದು ದೆಹಲಿಯ ಮೊದಲ ಚಳಿಗಾಲ. ನಮ್ಮ ಕಡೆ ಚಳಿ ಬೆಳಗ್ಗೆ ಬಂದು ಬಿಸಿಲೇರುವಾಗ ಹೋಗಿಬಿಡುತ್ತದೆ. ಇಲ್ಲಿ ಅದು ಬಾಡಿಗೆದಾರನಂತೆ ಮನೆಯೊಳಗೇ ಇರುತ್ತದೆ. ಗೋಡೆ, ನೆಲ, ಚಮಚ, ಎಲ್ಲವೂ ತಣ್ಣಗೆ. ಕೋಹರಾ, ಅಂದರೆ ಇಲ್ಲಿಯ ದಟ್ಟ ಮಂಜು, ಮಧ್ಯಾಹ್ನವಾದರೂ ಕರಗುವುದಿಲ್ಲ. ಎದುರಿನ ಕಟ್ಟಡ ಮಾಯವಾಗುತ್ತದೆ, ಅದರೊಳಗಿನ ಕುಕ್ಕರಿನ ಸೀಟಿ ಮಾತ್ರ ಕೇಳಿಸುತ್ತದೆ. ಮನೆ ಹುಡುಕಿಕೊಟ್ಟವರು, ಹತ್ತಿ ತುಂಬಿದ ರಜಾಯಿ ಕೊಡಿಸಿದವರು, ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವಷ್ಟು ಹಿಂದಿ ಕಲಿಸಿದವರು ವಸಂತ ಅವರೇ.

ಅವರು ಭೂಗರ್ಭಶಾಸ್ತ್ರದ ಮೇಷ್ಟ್ರು. ಸ್ಕಾಟ್ಲೆಂಡಿನಲ್ಲಿ ಒಂದು ವರ್ಷ ಇದ್ದು ಬರುವಾಗ ಒಂದು ಬಾಟಲಿ ಸಿಂಗಲ್ ಮಾಲ್ಟ್ ವಿಸ್ಕಿ ತಂದಿದ್ದರು. ವಿಮಲಕ್ಕ ಊರಿಗೆ ಹೋಗಿದ್ದ ಆ ಭಾನುವಾರ ನಮ್ಮನ್ನೆಲ್ಲ ಮನೆಗೆ ಕರೆದರು. ಘಾಜಿಯಾಬಾದಿನಿಂದ ಸುಮಿತ್ರಾ ಬಂದರು. ಮಂಡ್ಯದವರು, ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಲಕ್ಷ್ಮೀ ನಗರದ ಬಾಡಿಗೆ ಕೋಣೆಯಿಂದ ನಜೀರ್ ಬಂದ. ಬೀದರಿನ ಹುಡುಗ, ಪಿಎಚ್‌.ಡಿ. ಮಾಡುತ್ತಿದ್ದ.

ಕರೆಂಟು ಹೋಗಿ ಹೀಟರ್ ಸತ್ತಿತ್ತು. ವಸಂತ ಅಂಗೀಠಿ ಹೊತ್ತಿಸಿದ್ದರು. ಅಂಗೀಠಿಯೆಂದರೆ ಕಬ್ಬಿಣದ ಇದ್ದಿಲ ಒಲೆ. ಬಾಲ್ಕನಿಯಲ್ಲಿ ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆದಮೇಲೆ ಒಳಗೆ ತಂದಿಟ್ಟು, ಕಿಟಕಿ ಸಂದಿಗೆ ಹಳೇ ಪೇಪರು ತುರುಕಿದರು. ನಮ್ಮಲ್ಲಿ ಯಾರಿಗೂ ಅದರಲ್ಲಿ ಭಯಪಡುವಂಥದ್ದು ಕಾಣಲಿಲ್ಲ. ಕೆಂಡದ ಪಕ್ಕದಲ್ಲೇ ಬೆಳೆದವರು ನಾವು. ಆದರೆ ಊರಿನ ಒಲೆಯ ಮೇಲೆ ಹೆಂಚಿನ ಸಂದಿಗಳಿದ್ದವು, ಬಾಗಿಲು ಯಾವಾಗಲೂ ತೆರೆದಿರುತ್ತಿತ್ತು. ಕೆಡುಕು ಹೊಗೆಯಲ್ಲಿದೆ, ಹೊಗೆ ಹೋದರೆ ಕೆಂಡ ಒಳ್ಳೆಯದು ಎಂದಷ್ಟೇ ತಿಳಿದಿದ್ದೆವು.

"ಇದು ಒಂದೇ ಭಟ್ಟಿಯೊಳಗ, ಬರೇ ಮೊಳಕಿ ಬಾರ್ಲಿಯಿಂದ ಮಾಡಿದ್ದು," ಎನ್ನುತ್ತ ವಸಂತ ಎಲ್ಲರ ಗ್ಲಾಸಿನ ತಳ ಒದ್ದೆಯಾಗುವಷ್ಟು ಸುರಿದರು. "ಜೌಗು ನೆಲದ ಮಣ್ಣು ಸುಟ್ಟು, ಆ ಹೊಗಿಯೊಳಗ ಕಾಳು ಒಣಗಸ್ತಾರ. ಮೊದಲು ಮೂಗು, ಆಮ್ಯಾಲೆ ನಾಲಿಗಿ."

"ಔಷಧಿ ಕೊಟ್ಟಂಗೆ ಕೊಡ್ತೀರಲ್ಲ ಸರ್! ನನಗೇನ್ ಕೆಮ್ಮಾ?" ಎಂದರು ಸುಮಿತ್ರಾ.

"ನಾ ಬರೇ ಮೂಸ್ತೀನ್ರಿ ಸರ್, ಕುಡಿಯಂಗಿಲ್ಲ," ಎಂದ ನಜೀರ್. "ಅಮ್ಮೀಗೆ ಮಾತು ಕೊಟ್ಟೀನಿ."

"ಮೂಸಾಕ ಅಮ್ಮಿ ಬ್ಯಾಡ ಅಂದಿಲ್ಲಲ್ಲಪ? ಹಿಡಿ."

ನಾನು ಒಂದು ಗುಟುಕು ಕುಡಿದೆ. ಬಾಯೊಳಗೆ ಟಿಂಚರ್ ಹಚ್ಚಿದಂತಾಯಿತು. ಸ್ವಲ್ಪ ಹೊತ್ತಿಗೆ ತಲೆ ಹಿಡಿದುಕೊಂಡಿತು. ಹೇಳಿದಾಗ ಎಲ್ಲರೂ ನಕ್ಕರು. "ಒಂದೇ ಗುಟುಕಿಗೆ ದುರ್ಗದ ಕೋಟೆ ಬಿತ್ತಲ್ರೀ!" ಎಂದರು ಸುಮಿತ್ರಾ, ತಮ್ಮ ಹಣೆಯನ್ನೂ ಒತ್ತಿಕೊಳ್ಳುತ್ತ. ಸುಟ್ಟ ವಾಸನೆ ಬರುತ್ತಿದೆ ಎಂದ ನಜೀರ್. "ಅದಾ ನೋಡು ಮಾಲ್ಟು!" ಎಂದು ವಸಂತ ಹಿಗ್ಗಿದರು.

ಆಗ ನನ್ನ ಮೊಬೈಲು ಹೊಡೆದುಕೊಂಡಿತು. ಊರಿನಿಂದ ಹೆಂಡತಿ. ಒಳಗೆ ಸಿಗ್ನಲ್ ನಿಲ್ಲುತ್ತಿರಲಿಲ್ಲ, ಎದ್ದು ಬಾಲ್ಕನಿಗೆ ಹೋದೆ. "ಬಾಗಲಾ ಹಾಕ್ರಿ, ಥಂಡಿ ಬರ್ತದ!" ಎಂದು ವಸಂತ ಕೂಗಿದರು. ಹಾಕಿದೆ. ಗಾಜಿನ ಮೂಲಕ ಅವರ ಮಾತು ಮಂದವಾಗಿ ಕೇಳಿತು: "ಈಗ ಎಲ್ಲಾರೂ ಕಣ್ಣು ಮುಚ್ಚರಿ. ನಾ ಹೇಳೂತನಕ ಯಾರೂ ಬಿಡಬಾರದು."

ಮೂವರೂ ಕಣ್ಣು ಮುಚ್ಚಿದರು, ಗ್ಲಾಸನ್ನು ಮೂಗಿಗೆ ಹಿಡಿದರು.

ನಾನು ಹೆಂಡತಿಯೊಡನೆ ಮಗಳ ಶಾಲೆ, ನೆಗಡಿ, ಅವರಿಬ್ಬರೂ ಇಲ್ಲಿಗೆ ಬರುವುದು, ಎಲ್ಲ ಮಾತಾಡಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ತಣ್ಣನೆ ಗಾಳಿಗೆ ನನ್ನ ತಲೆನೋವು ಇಳಿಯುತ್ತಿತ್ತು. ಒಳಗೆ ಅವರು ಹಾಗೆಯೇ ಕೂತಿದ್ದರು. ಗ್ಲಾಸುಗಳು ಮಾತ್ರ ಮೂಗಿನಿಂದ ಮಡಿಲಿಗೆ ಇಳಿದಿದ್ದವು. ಮೂವರ ಮುಖವೂ ಕೆಂಪಗೆ, ಬಿಸಿಲಲ್ಲಿ ಆಡಿ ಬಂದ ಮಕ್ಕಳ ಮುಖದಂತೆ. ವಸಂತ ನಗುತ್ತಿದ್ದಾರೆ ಅನ್ನಿಸಿತು. ಎಂಥ ಶಿಸ್ತಿನ ಜನ ಎಂದುಕೊಂಡೆ.

"ಎಲ್ಲಿದೀರಿ? ಒಬ್ಬರೇ ಇದೀರಾ?" ಎಂದಳು ಹೆಂಡತಿ.

"ಇಲ್ಲ, ವಸಂತ ಅವರ ಮನೇಲಿ. ಎಲ್ಲ ಒಳಗೆ ಕೂತಿದಾರೆ."

"ಮತ್ತೆ ಒಂದು ದನಿಯೂ ಕೇಳಲ್ಲ? ಕನ್ನಡದೋರು ಸೇರಿರೋ ಮನೇಲಿ?"

ಗಾಜು ತಟ್ಟಿದೆ. ಯಾರೂ ತಿರುಗಲಿಲ್ಲ. ಬಾಗಿಲು ತೆರೆದರೆ ಬಿಸಿ ಗಾಳಿ ಮುಖಕ್ಕೆ ಬಂತು, ಅದರಲ್ಲಿ ವಾಸನೆಯೇ ಇರಲಿಲ್ಲ. ವಸಂತ ಅವರ ಹೆಗಲು ಮುಟ್ಟಿದೆ. ನಿಧಾನವಾಗಿ ಅಂಗೀಠಿಯ ಕಡೆ ವಾಲಿದರು. ಕೈಯ ಗ್ಲಾಸು ಉರುಳಿ ವಿಸ್ಕಿ ಚೆಲ್ಲಿತು. ಆ ತನಕ ಅವರು ಅದನ್ನು ತುಟಿಗೆ ತಂದಿರಲಿಲ್ಲ.

ನನ್ನ ಕೂಗಿಗೆ ಎದುರು ಮನೆಯ ಪಂಜಾಬಿ ಆಂಟಿ ಓಡಿಬಂದರು. ನೋಡಿದವರೇ "ಅಂಗೀಠಿ ಅಂದರ್? ಖಿಡಕೀ ಖೋಲೋ!" ಎಂದು ಚೀರಿದರು, ಅಂಗೀಠಿ ಒಳಗಾ, ಕಿಟಕಿ ತೆಗೀರಿ ಎಂದು. ಈ ಊರಿನವರಿಗೆಲ್ಲ ಗೊತ್ತಿದ್ದ ಸಂಗತಿ. ಮೂವರನ್ನೂ ಬಾಲ್ಕನಿಗೆ ಎಳೆದೆವು. ಸುಮಿತ್ರಾ ವಾಂತಿ ಮಾಡಿ ಅತ್ತರು. ಒಂದು ಹನಿಯೂ ಕುಡಿಯದ ನಜೀರನಿಗೆ ಎಚ್ಚರ ಬಂದದ್ದು ಆಸ್ಪತ್ರೆಯಲ್ಲಿ. ಕೆಂಡದ ಪಕ್ಕದಲ್ಲೇ ಕೂತಿದ್ದ ವಸಂತ ಅವರಿಗೆ ಬರಲಿಲ್ಲ. ಇದ್ದಿಲ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್ ಎಂದರು ಡಾಕ್ಟರು.

ನಾನು ದೆಹಲಿಯಲ್ಲೇ ಉಳಿದೆ. ಹೆಂಡತಿ, ಮಗಳು ಬಂದರು. ಮಗಳಿಗೆ ಈಗ ಕನ್ನಡಕ್ಕಿಂತ ಹಿಂದಿ ಸಲೀಸು. ಚಳಿಗಾಲದಲ್ಲಿ ನಾನು ಕಿಟಕಿ ಅರ್ಧ ತೆರೆದೇ ಮಲಗುತ್ತೇನೆ. ದಕ್ಷಿಣದವರನ್ನೆಲ್ಲ ಮದ್ರಾಸಿ ಎಂದೇ ಕರೆಯುವ ಇಲ್ಲಿಯವರು, ಈ ಮದ್ರಾಸಿಗೆ ಹುಚ್ಚು ಎನ್ನುತ್ತಾರೆ. ಊರಿಗೆ ಹೋದರೆ, ದೆಹಲಿಗೆ ಹೋಗಿ ಕುಡಿಯೋದು ಕಲಿತವರು ಎನ್ನುತ್ತಾರೆ. ಗದಗಿನವರು ನನ್ನ ಮಾತು ನಂಬಬೇಕೆಂದಿಲ್ಲ, ಉಳಿದಿಬ್ಬರನ್ನು ಕೇಳಲಿ. ಆ ಕೋಣೆಯಲ್ಲಿದ್ದ ಸುಮಿತ್ರಾ ಘಾಜಿಯಾಬಾದಿನಲ್ಲಿದ್ದಾರೆ. ನಜೀರ್ ಲಕ್ಷ್ಮೀ ನಗರದಲ್ಲಿದ್ದಾನೆ. ಇಬ್ಬರೂ ಬದುಕಿದ್ದಾರೆ.