ಬ್ರೇಕಿನ ಸಲುವಾಗಿ ಟಿಕೋಟಾ ಸುತ್ತಿ ಬಂದದ್ದು

ನಸುಕಿನಲ್ಲೇ ಬಬಲೇಶ್ವರ ಬಿಟ್ಟೆವು. ಗಾಡಿ ಹೊಡೆಯುವವಳು ನಾನು, ಪಕ್ಕದಲ್ಲಿ ಮೈದುನ ಶಿವಪ್ಪ, ಹಿಂದಿನ ಸೀಟಿನ ತುಂಬ ಕಡಕ್ ರೊಟ್ಟಿಯ ಡಬ್ಬಗಳು. ನಮ್ಮ ಅಂಬಾಸಿಡರ್ ಗಂಡನ ಕಾಲದ್ದು, ಪೆಟ್ರೋಲ್ ಗಾಡಿ. ಅವರು ಹೋದ ಮೇಲೆ ನಾನೇ ಅದರಲ್ಲಿ ವಿಜಯಪುರದ ಖಾನಾವಳಿಗಳಿಗೆ ರೊಟ್ಟಿ ಮುಟ್ಟಿಸುತ್ತೇನೆ. ಹಳೆಯ ಬ್ರೇಕು. ಮೈಭಾರವೆಲ್ಲ ಹಾಕಿ ತುಳಿದರೆ ಮಾತ್ರ ನಿಲ್ಲುತ್ತದೆ. ಈಗ ನನ್ನ ಬಲಗಡೆಯ ಮೊಣಕಾಲು ಕೆಲಸ ಬಿಟ್ಟಿದೆ. ಹೋದ ವಾರ ನಮ್ಮದೇ ಅಂಗಳದ ಕಟ್ಟೆಗೆ ಗುದ್ದಿದೆ.

"ಸಾಕ್ರಿ ವೈನಿ, ಕೀಲಿ ನನ್ನ ಕೈಯಾಗ ಕೊಡ್ರಿ," ಎಂದಿದ್ದ ಶಿವಪ್ಪ. ಬಸ್ಸು ಓಡಿಸಿ ನಿವೃತ್ತನಾದವನು, ಎಲ್ಲ ಸ್ಟೇರಿಂಗೂ ತನ್ನದೇ ಎಂದು ತಿಳಿದಿದ್ದಾನೆ. ಮೆತ್ತಗೆ ತುಳಿದರೂ ಹಿಡಿಯುವ ಪಾವರ್ ಬ್ರೇಕ್ ಕೂಡಿಸುತ್ತೇನೆ, ಆಮೇಲೂ ನನ್ನ ಕಾಲಿಗೆ ಗಾಡಿ ನಿಲ್ಲದಿದ್ದರೆ ಕೀಲಿ ನಿನ್ನದು ಎಂದು ಮಾತು ಕೊಟ್ಟೆ.

ಮೊದಲು ಟಿಕೋಟಾಕ್ಕೆ ಹೋದೆವು. ಅಲ್ಲಿಯ ಗುಜರಿಯಲ್ಲಿ ಪಾವರ್ ಬ್ರೇಕಿನ ಬೂಸ್ಟರ್ ಇದೆ, ತೆಗೆದುಕೊಂಡು ಬನ್ನಿ ಎಂದು ವಿಜಯಪುರದ ಮಿಸ್ತ್ರಿ ಹೇಳಿದ್ದ. ದಾರಿಯುದ್ದಕ್ಕೂ ದ್ರಾಕ್ಷಿ ಪಡ, ಒಣದ್ರಾಕ್ಷಿಯ ಶೆಡ್ಡು, ಧೂಳು. ಗುಜರಿಯವನು ಮುಚ್ಚಿದ ಬೋಗುಣಿಯಂಥ ಕಪ್ಪು ಡಬ್ಬಿಯೊಂದನ್ನು ತಂದು ಮುಂದಿಟ್ಟ.

"ಇಷ್ಟ ಏನ? ಇದು ನನ್ನ ಗಾಡಿ ನಿಲ್ಲಸ್ತೈತಿ?" ಎಂದೆ.

"ನಿಲ್ಲಸ್ತೈತಿ ಬೇ. ನಿಲ್ಲಸಲಿಲ್ಲಂದ್ರ ಇದರಾಗ ಸಂಡಿಗಿ ಕರೀರಿ," ಎಂದ.

ಬಸ್ ನಿಲ್ದಾಣದ ಎದುರು ಚುರುಮುರಿ ಸೂಸಲಾ ತಿಂದೆವು. ಮಿರ್ಚಿ ತಣ್ಣಗಾಗಿತ್ತು, ಚಹಾ ಬರೀ ಸಕ್ಕರೆ. ವಿಜಯಪುರ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಗಾಂಧಿ ಚೌಕದ ಆಟೋಗಳ ನಡುವೆ ಶಿವಪ್ಪ ತನ್ನ ಕಡೆ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಕುಳಿತಿದ್ದ. ರೊಟ್ಟಿ ಇಳಿಸಿ ಜೋರಾಪುರ ಪೇಟೆಗೆ ಬಂದು ಮೆಹಬೂಬ್ ಮಿಸ್ತ್ರಿಗೆ ಗಾಡಿ ಒಪ್ಪಿಸಿದೆವು.

ಅವತ್ತಿಗೆ ಕೆಲಸ ಮುಗಿಯಲಿಲ್ಲ. ಸಿದ್ಧೇಶ್ವರ ಗುಡಿಯ ಹತ್ತಿರ ತಂಗಿಯ ಮನೆಯಲ್ಲಿ ಮಲಗಿ ಮರುದಿನ ಮತ್ತೆ ಹೋದೆವು. ಮಿಸ್ತ್ರಿ ಪೆಡಲಿನ ಮುಂದೆ ಆ ಡಬ್ಬಿ ಕೂಡಿಸಿ, ಎಂಜಿನ್ನಿನಿಂದ ಅದಕ್ಕೊಂದು ರಬ್ಬರ್ ಪೈಪ್ ಎಳೆದಿದ್ದ. ಬ್ರೇಕ್ ಎಣ್ಣೆಯೊಳಗಿನ ಗಾಳಿ ತೆಗೆಯಬೇಕೆಂದು ನನ್ನನ್ನೇ ಸೀಟಿಗೆ ಏರಿಸಿ, ತಾನು ಗಾಡಿಯ ಕೆಳಗೆ ಮಲಗಿದ. "ತುಳೀರಿ. ಬಿಡ್ರಿ. ತುಳೀರಿ." ಮೊಣಕಾಲು ಬಾತುಹೋಯಿತು. ಶಿವಪ್ಪ ಚಹಾದಂಗಡಿಗೆ ಹೋದವನು ಬರಲೇ ಇಲ್ಲ.

ಎದ್ದು ಕೈ ಒರೆಸಿಕೊಳ್ಳುತ್ತ ಮಿಸ್ತ್ರಿ ಹೇಳಿದ, "ಪಾವರ್ ಇರೂತನಾ ಬೆಣ್ಣಿ ಅಮ್ಮಾರ. ಪಾವರ್ ಹೋತಂದ್ರ ಕಲ್ಲು."

ತಿಳಿಯಿತು ಎಂದೆ. ನಮ್ಮ ಮನೆಯಲ್ಲಿ ಪಾವರ್ ಎಂದರೆ ಕರೆಂಟು. ಬ್ಯಾಟರಿ ಹೊಸದಿತ್ತು, ಚಿಂತೆ ಮಾಡಲಿಲ್ಲ.

ಶಿವಪ್ಪ ಬಂದು ಕುಳಿತ ಮೇಲೆ ಗಾಡಿ ಹೊರಡಿಸಿ, ಓಣಿಯ ತುದಿಯಲ್ಲಿ ಹಳೆಯ ರೂಢಿಯಂತೆ ಜೋರಾಗಿ ತುಳಿದೆ. ಗಾಡಿ ಗಕ್ಕನೆ ನಿಂತಿತು. ಶಿವಪ್ಪನ ಹಣೆ ಗಾಜಿಗೆ ಬಡಿಯಿತು.

"ಇದೇನ್ ಬ್ರೇಕೋ, ಗ್ವಾಡಿಯೋ?" ಎಂದು ಹಣೆ ಉಜ್ಜಿಕೊಂಡ. ನನಗೆ ಸಮಾಧಾನವಾಯಿತು. ಕೀಲಿ ಉಳಿಯಿತು ಅಂದುಕೊಂಡೆ.

ಊರ ದಾರಿಯಲ್ಲಿ ಬಿಸಿಲಿಗೆ ಶಿವಪ್ಪ ತೂಕಡಿಸಿದ. ಮುಂದೆ ಉದ್ದನೆಯ ಇಳಿಜಾರು ಬಂತು. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವುದು ನನ್ನ ರೂಢಿ, ಪೆಟ್ರೋಲ್ ಉಳಿಯುತ್ತದೆ. ಬಂದ್ ಮಾಡಿದೆ. ಪಾವರ್ ಇದೆಯೋ ಇಲ್ಲವೋ ಎಂದು ಹಾರ್ನ್ ಒತ್ತಿ ನೋಡಿದೆ. ಚೆನ್ನಾಗಿ ಕೂಗಿತು. ಇದೆ ಅಂದುಕೊಂಡೆ.

ಕೆಳಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ನಡುರಸ್ತೆಯಲ್ಲೇ ನಿಂತಿತ್ತು. ತುಳಿದೆ, ಮೆತ್ತಗೆ ಇಳಿಯಿತು. ಬಿಟ್ಟು ತುಳಿದೆ, ಅರ್ಧ ಇಳಿಯಿತು. ಮತ್ತೆ ತುಳಿದರೆ ಕಲ್ಲು. ಎರಡೂ ಕಾಲು ಇಟ್ಟೆ, ಗಾಡಿ ಹೋಗುತ್ತಲೇ ಇತ್ತು.

"ಶಿವಪ್ಪಾ, ಬ್ರೇಕ್ ಹೋತೋ. ಹಾರ್ನ್ ನೋಡಿದ್ರ ಕೂಗಾಕತ್ತೈತಿ."

ಅವನು ಕಣ್ಣು ಬಿಟ್ಟ. "ಎಂಜಿನ್ ಚಾಲೂ ಮಾಡ್ರಿ ವೈನಿ, ಎಂಜಿನ್!"

ಕೀಲಿ ತಿರುವಿದೆ. ಎಂಜಿನ್ ಹಿಡಿಯಿತು, ಕಾಲಡಿಯ ಕಲ್ಲು ಕರಗಿತು. ಕಬ್ಬಿನ ಸೋಗೆ ಬಾನೆಟ್ಟಿಗೆ ತಾಗುವಷ್ಟರಲ್ಲಿ ನಿಂತೆವು.

ಟ್ರ್ಯಾಕ್ಟರಿನವನು ಇಳಿದು ಬಂದ. "ಯಾಕ ಆಯಿ, ಕಬ್ಬ ತಿನ್ನಾಕ ಬಂದಿದ್ರೇನು?"

"ಹಲ್ಲಿಲ್ಲೋ ಯಪ್ಪಾ," ಎಂದೆ. ಅವನು ನಗುತ್ತ ಹೋದ.

ಶಿವಪ್ಪ ನಗಲಿಲ್ಲ. "ಪಾವರ್ ಅಂದ್ರ ಕರೆಂಟಲ್ರಿ. ಎಂಜಿನ್ ಉಸಿರು ಜಗ್ಗಿದ್ರ ಅಷ್ಟ ಆ ಡಬ್ಬಿ ನಡೀತೈತಿ. ಬಂದ್ ಮಾಡಿದ್ರ ಉಳದ ಉಸಿರು ಎರಡ ತುಳತಕ್ಕ ಖಾಲಿ. ಈಗರ ಕೀಲಿ ಕೊಡ್ರಿ."

"ಗಾಡಿ ನಿಂತೈತೋ ಇಲ್ಲೋ?"

"ನಿಂತೈತಿ."

"ಯಾರ ಕಾಲಿಗೆ ನಿಂತೈತಿ?"

ಅವನು ಕೀಲಿಗೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಅಲ್ಲಿಂದ ಮನೆಯವರೆಗೆ ಒಂದು ಇಳಿಜಾರಿನಲ್ಲೂ ನಾನು ಎಂಜಿನ್ ಬಂದ್ ಮಾಡಲಿಲ್ಲ. ಪೆಟ್ರೋಲ್ ಮುಳ್ಳು ಕೆಳಗಿಳಿಯಿತು, ಇಳಿಯಲಿ ಎಂದು ಬಿಟ್ಟೆ.

ಬಬಲೇಶ್ವರದಲ್ಲಿ ಬಾಗಿಲು ಹಿಡಿದು ಇಳಿದೆ. ಮೊಣಕಾಲು ಮಡಚಲೊಲ್ಲದು. ಶಿವಪ್ಪನ ಭುಜಕ್ಕೆ ಕೈ ಹಾಕಿ ಕಟ್ಟೆಯವರೆಗೆ ಬಂದು ಕುಳಿತೆ. ಹೊರಳಿ ನೋಡಿದರೆ ಗಾಡಿ ಗುರುಗುಟ್ಟುತ್ತಲೇ ಇದೆ. ಬಂದ್ ಮಾಡಲು ಹೆದರಿ ಹಾಗೇ ಬಿಟ್ಟು ಇಳಿದಿದ್ದೆ.

"ಹೋಗಿ ಬಂದ್ ಮಾಡು," ಎಂದೆ. "ಕೀಲಿ ತಂದು ನನ್ನ ಕೈಯಾಗ ಕೊಡು."

ಶಿವಪ್ಪ ಹೋಗಿ ಸ್ಟೇರಿಂಗ್ ಹಿಡಿದು ಸ್ವಲ್ಪ ಹೊತ್ತು ಕುಳಿತ. ಆಮೇಲೆ ಬಂದ್ ಮಾಡಿ, ಕೀಲಿ ತಂದುಕೊಟ್ಟ.